ನಾಲ್ಕನೇ ಬ್ಯಾಡ್ಜಿನ ಹೆಸರು

ಮೇಲ್ ಮೊದಲು ನೋಡಿದ್ದು ನನ್ನ ಮಗಳು ಗುಬ್ಬಿ. ಹಲ್ಲುಜ್ಜುತ್ತಿದ್ದವಳು ಬ್ರಶ್ ಬಾಯಲ್ಲಿಟ್ಟುಕೊಂಡೇ ಹಾಲ್‌ಗೆ ಬಂದು ಟ್ಯಾಬನ್ನು ನನ್ನ ಮೂಗಿನ ಮುಂದೆ ಹಿಡಿದಳು.

“ಅಪ್ಪಾ, ಅಪ್‌ಗ್ರೇಡ್ ಆಗಿದೆ.”

“ಏನು?”

“ನಮ್ಮ ಟಿಕೆಟ್. ನಾಲ್ಕೂ.”

ಆಗುವುದು ಸಾಧ್ಯವೇ ಇರಲಿಲ್ಲ.

‘ದೀಪಸ್ತಂಭದವಳು’ ಎಂಬ ದೆವ್ವದ ಧಾರಾವಾಹಿಯ ಅಭಿಮಾನಿಗಳು ವರ್ಷಕ್ಕೊಮ್ಮೆ ಸಮ್ಮೇಳನ ಸೇರುತ್ತಾರೆ. ನನ್ನ ಹೆಂಡತಿಗೂ ಗುಬ್ಬಿಗೂ ಅದರ ಹುಚ್ಚು. ಈ ಸಲ ಗುಂಪಿನ ಟಿಕೆಟನ್ನು ಹೆಂಡತಿಯೇ ಕೊಂಡಿದ್ದಳು: ತನಗೆ, ಗುಬ್ಬಿಗೆ, ನನಗೆ, ತನ್ನ ತಂಗಿಗೆ. ಮೂವರ ಬ್ಯಾಡ್ಜಿಗೆ ಹೆಸರು ತುಂಬಿ, ತನ್ನದನ್ನು ಆಮೇಲೆ ನೋಡಿಕೊಳ್ಳೋಣವೆಂದು ಖಾಲಿ ಬಿಟ್ಟಿದ್ದಳು. ಆ ಆಮೇಲೆ ಬರಲಿಲ್ಲ. ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ.

ಭಾನುವಾರ ಮಧ್ಯಾಹ್ನ ಅಪ್‌ಗ್ರೇಡ್ ಮಾರಾಟ ತೆರೆಯಿತು. ಮೊದಲ ಸಾಲು, ಕಲಾವಿದರ ಜೊತೆ ಫೋಟೊ. ಗುಬ್ಬಿಗಾಗಿ ನಾವೆಲ್ಲ ಒಂದೊಂದು ಸ್ಕ್ರೀನ್ ಹಿಡಿದು ಕೂತೆವು. ಪರದೆಯ ಮೇಲೆ ಕಾಯಿಸುವ ಚಕ್ರ ತಿರುಗಿದ್ದೇ ತಿರುಗಿದ್ದು. ಕೊನೆಗೂ ಸರದಿ ಬಂದಾಗ ಸೈಟು ಕೇಳಿದ್ದು ಒಂದೇ: ಟಿಕೆಟ್ ಕೊಂಡವರ ಫೋನಿಗೆ ಬಂದ ಓಟಿಪಿ. ಹೆಂಡತಿಯ ಫೋನು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ‘ನನ್ನ ಫೋನ್ ಕಳೆದಿದೆ’ ಎಂಬ ಗುಂಡಿ ಒತ್ತಿದೆ. ‘ಚಿಂತೆ ಬೇಡ, ಅದೇ ಫೋನಿಗೆ ಹೊಸ ಓಟಿಪಿ ಕಳಿಸಿದ್ದೇವೆ’ ಎಂದಿತು. ಸಹಾಯದ ಚಾಟ್‌ನಲ್ಲಿ, ಕೊಂಡವರು ತೀರಿಕೊಂಡಿದ್ದಾರೆ ಎಂದು ಬರೆದೆ. ‘ಕೇಳಿ ವಿಷಾದವಾಯಿತು. ದಯವಿಟ್ಟು ಅವರಿಂದಲೇ ನಮಗೊಂದು ಮೇಲ್ ಮಾಡಿಸಿ.’

ಅಷ್ಟರಲ್ಲಿ ಎಲ್ಲ ಮಾರಾಟವಾಗಿತ್ತು.

ಈಗ ಟ್ಯಾಬಿನಲ್ಲಿ ನಾಲ್ಕು ಬ್ಯಾಡ್ಜುಗಳಿದ್ದವು. ಮೂರರ ಮೇಲೆ ಹೆಂಡತಿ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ್ದ ನಮ್ಮ ಹೆಸರುಗಳು. ನಾಲ್ಕನೆಯದರಲ್ಲಿ ಮಾತ್ರ ಅಚ್ಚುಕಟ್ಟಾದ ಕನ್ನಡ.

ಅಮ್ಮ ಇಲ್ಲೇ ಇದ್ದೀನಿ

ಗುಬ್ಬಿ ಬಾಯಿತುಂಬ ನೊರೆ ಇಟ್ಟುಕೊಂಡೇ ನಗುತ್ತಿದ್ದಳು. ಅವಳು ನಕ್ಕು ಎಷ್ಟು ಕಾಲವಾಗಿತ್ತು!

“ನಾನು ಕೇಳಿದ್ದೆ ಅಪ್ಪಾ. ಅಮ್ಮ ಹೇಳಿದ್ಲು.”

ಅಂದಿನಿಂದ ಊಟಕ್ಕೆ ಒಂದು ತಟ್ಟೆ ಹೆಚ್ಚಾಯಿತು. ಶನಿವಾರ ಸಮ್ಮೇಳನದ ಗೇಟಿನಲ್ಲಿ ಅಮ್ಮ ಸಿಗುತ್ತಾಳೆ ಎಂದು ಗುಬ್ಬಿ ಲೆಕ್ಕ ಹಾಕಿದ್ದಳು.

“ಸಿಗದಿದ್ರೆ?” ಎಂದೆ.

“ಸಿಗೋ ತನಕ ಅಲ್ಲೇ ನಿಂತಿರ್ತೀನಿ.”

ಹಟ ಹಿಡಿದರೆ ಗುಬ್ಬಿ ಥೇಟ್ ತನ್ನ ಅಮ್ಮ. ನಿಲ್ಲುತ್ತಾಳೆ. ನನಗೆ ಭಯವಾಗಿ ಅಕ್ಕನಿಗೆ ಫೋನ್ ಮಾಡಿದೆ.

*

ಅಕ್ಕನಿಗೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ. ಮನೆಯಲ್ಲಿ ಎಲ್ಲರೂ ಅವಳನ್ನು ಜರಡಿ ಎನ್ನುತ್ತೇವೆ. ನಾವು ಆಡಿದ್ದನ್ನೆಲ್ಲ ಜಾಲಾಡದೆ ಬಿಡುವವಳಲ್ಲ. ಮೋಡ ಕವಿದು ಹಗಲಲ್ಲೇ ದೀಪ ಹಾಕಬೇಕಾದ ಒಂದು ಮಧ್ಯಾಹ್ನ ಬಂದಳು. ಚಪ್ಪಲಿ ಬಿಡುವ ಮೊದಲೇ ಬ್ಯಾಡ್ಜು ನೋಡಿದಳು.

“ನಿನ್ನ ಹೆಂಡತಿ ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತು?”

ಅಲ್ಲೇ ಕೂತಿದ್ದ ನನ್ನ ನಾದಿನಿಯ ಮುಖ ಕೆಂಪಾಯಿತು. ಅವಳದು ಬ್ಯೂಟಿ ಪಾರ್ಲರ್. ಸಮ್ಮೇಳನಕ್ಕೆ ವೇಷ ಹೊಲಿಯುವವಳೂ ಅವಳೇ.

“ನಂಗೊತ್ತು. ಅದಕ್ಕೆ ನನ್ನ ಮೇಲೆ ಅನುಮಾನಾನಾ ಅಕ್ಕಾ? ಓಟಿಪಿ ಇಲ್ದೆ ಪಾಸ್‌ವರ್ಡ್ ಏನು ಉಪ್ಪಿನಕಾಯಿ ಹಾಕೋಕಾ?”

“ಭಾನುವಾರ ಎಲ್ಲಿದ್ದೆ?”

“ಇಲ್ಲೇ, ಭಾವನ ಪಕ್ಕದಲ್ಲಿ. ಸೈಟಿಗೆ ಬೈತಾ ಕೂತಿದ್ದೆ.”

“ನಿಜ,” ಎಂದೆ. “ನನಗೆ ಹೊಸ ಬೈಗುಳಗಳು ಸಿಕ್ಕವು.”

ನನ್ನ ಮಾವ ಟೀ ತಂದರು. ಹೆಂಡತಿಯ ತಂದೆ, ಬಸ್ ಓಡಿಸಿ ನಿವೃತ್ತರಾದವರು. ಈಗ ಕೈ ಸದಾ ನಡುಗುತ್ತದೆ. ಕಪ್ಪೂ ಸಾಸರೂ ಗಲಗಲ ಎನ್ನುತ್ತಿದ್ದವು.

“ತಗೋಮ್ಮ,” ಎಂದರು ಅಕ್ಕನಿಗೆ. “ಕಪ್ಪಿಗಿಂತ ಸಾಸರಲ್ಲೇ ಜಾಸ್ತಿ ಇದೆ. ಆರಿರುತ್ತೆ, ಕುಡಿಯಮ್ಮ.”

“ನೀವು ಎಲ್ಲಿದ್ರಿ ಭಾನುವಾರ?”

“ನನ್ನ ರೂಮಲ್ಲಿ ಮಲಗಿದ್ದೆನಮ್ಮ.”

“ಅಪ್ಪನ್ನ ಯಾಕೆ ಕೇಳ್ತೀರ?” ಎಂದಳು ನಾದಿನಿ. “ಲಿಫ್ಟಿನ ಗುಂಡಿ ಒತ್ತೋಕೂ ಅವರಿಗೆ ಯಾರಾದ್ರೂ ಬೇಕು. ಟೈಪ್ ಮಾಡ್ತಾರಾ?”

ಅಕ್ಕ ಟೀ ಕುಡಿದು ಮುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಕಳೆದ ಫೋನಿಗೆ ನೀನು ಯಾವತ್ತಾದ್ರೂ ರಿಂಗ್ ಮಾಡಿದೀಯಾ?”

“ಇಲ್ಲ.”

“ಯಾಕೆ?”

ಹೇಳಲು ನಾಚಿಕೆಯಾಯಿತು. “ಯಾರಾದ್ರೂ ಎತ್ತಿದ್ರೆ?”

ಅಕ್ಕ ತನ್ನ ಫೋನು ತೆಗೆದು ಆ ನಂಬರು ಒತ್ತಿ ಮೇಜಿನ ಮೇಲಿಟ್ಟಳು.

ಸ್ವಿಚ್ ಆಫ್ ಎನ್ನಲಿಲ್ಲ. ರಿಂಗಾಯಿತು.

ಆಗ ಕೇಳಿಸಿತು. ಮನೆಯೊಳಗೇ ಎಲ್ಲೋ, ಗೋಡೆಯ ಹಿಂದೆ ದುಂಬಿ ಸಿಕ್ಕಿಕೊಂಡಂತೆ, ಗುಂಯ್... ಗುಂಯ್...

ಅಕ್ಕ ಎದ್ದಳು. ಹಿಂದೆ ನಾವು. ಓಣಿಯಂಥ ಹಾದಿ ದಾಟಿ ಮಾವನ ಕೋಣೆ. ಒಳಗೆ ಕತ್ತಲು. ಗೋಡೆಯ ಮೊಳೆಗೆ ನನ್ನ ಹೆಂಡತಿಯ ಬೂದು ಕೋಟು ನೇತಾಡುತ್ತಿತ್ತು. ದೀಪಸ್ತಂಭದವಳ ವೇಷಕ್ಕೆಂದು ನಾದಿನಿ ಹೊಲಿದದ್ದು. ಅದರ ಎದೆಯ ಜೇಬು ಒಳಗಿನಿಂದ ಬೆಳಗುತ್ತಿತ್ತು. ಗುಂಯ್ ಎಂದಾಗಲೆಲ್ಲ ಖಾಲಿ ತೋಳು ಸಣ್ಣಗೆ ಅಲುಗುತ್ತಿತ್ತು.

ನಾದಿನಿ ನನ್ನ ರಟ್ಟೆ ಹಿಡಿದಳು. ಉಗುರು ಇಳಿಯಿತು.

“ಹೇಳಲಿಲ್ವಾ?” ಎಂದಳು ಗುಬ್ಬಿ ನಮ್ಮ ಬೆನ್ನ ಹಿಂದಿನಿಂದ. ಅವಳಿಗೆ ಹೆದರಿಕೆಯೇ ಇರಲಿಲ್ಲ. “ಅಮ್ಮನ ಕೋಟಲ್ಲೇ ಇದೆ.”

ಅಕ್ಕ ಜೇಬಿಗೆ ಕೈ ಹಾಕಿ ಫೋನು ಹೊರತೆಗೆದಳು. ಪರದೆಯ ಮೇಲೆ ಹೊಳೆಯುತ್ತಿದ್ದ ಹೆಸರು: ಜರಡಿ ಅಕ್ಕ. ಬ್ಯಾಟರಿ ತುಂಬಿತ್ತು.

“ಸತ್ತವರು ಚಾರ್ಜ್ ಹಾಕಲ್ಲ,” ಎಂದಳು ನನ್ನ ಕಿವಿಯಲ್ಲಿ. “ಕರೆನ್ಸಿನೂ ಹಾಕಿಸಲ್ಲ.”

ಆದರೆ ಯಾರು? ಕೋಟು ಹೊಲಿದು ತೂಗುಹಾಕಿದವಳು ನಾದಿನಿ. ದಿನಾ ಬಂದು ಅದನ್ನು ಮೂಸಿ ಹೋಗುವವಳು ಗುಬ್ಬಿ. ಕೋಣೆ ಮಾವನದು. ಮಾವ ಮಂಚದ ಮೇಲೆ ಕಿಟಕಿಗೆ ಮುಖ ಮಾಡಿ ಕೂತುಬಿಟ್ಟಿದ್ದರು.

ಅಕ್ಕ ಗುಬ್ಬಿಯ ಮುಂದೆ ಮಂಡಿಯೂರಿದಳು.

“ಅಮ್ಮನ್ನ ಕೇಳಿದ್ದೆ ಅಂದ್ಯಂತೆ. ಏನು ಕೇಳಿದೆ ಪುಟ್ಟಾ?”

ಇದನ್ನು ನಾವು ಯಾರೂ ಕೇಳಿರಲಿಲ್ಲ.

“ಭಾನುವಾರ ಚಕ್ರ ತಿರುಗ್ತಾನೇ ಇತ್ತಲ್ಲ ಅತ್ತೆ. ಅಳು ಬಂತು. ಎಲ್ಲಿದೀಯಾ ಅಂತ ಕೇಳಿದೆ.”

“ಮನಸ್ಸಲ್ಲಾ, ಜೋರಾಗಾ?”

“ಜೋರಾಗೇ.”

“ಎಲ್ಲಿ ನಿಂತಿದ್ದೆ?”

“ಈ ಬಾಗಿಲ ಹೊರಗೆ. ಹೆಡ್‌ಫೋನ್ ಹಾಕ್ಕೊಂಡಿದ್ದೆ, ಸರದಿ ಮ್ಯೂಸಿಕ್ ಬರ್ತಿತ್ತು.”

“ಈಗ ಹೊರಗೆ ಹೋಗು. ಬಾಗಿಲು ಹಾಕ್ಕೋ. ಅವತ್ತು ಹೇಗೆ ಕೇಳಿದ್ಯೋ ಹಾಗೇ ಕೇಳು.”

ಬಾಗಿಲು ಮುಚ್ಚಿತು. ಕೋಣೆ ಇನ್ನಷ್ಟು ಕತ್ತಲಾಯಿತು. ಆಚೆಯಿಂದ ಮಗುವಿನ ದನಿ ಬಂತು—

“ಎಲ್ಲಿದೀಯಾ?”

“ಅಮ್ಮಾ, ಇಲ್ಲೇ ಇದ್ದೀನಿ.”

ಹೇಳಿದ್ದು ಮಾವ. ಎಷ್ಟೋ ವರ್ಷಗಳ ರೂಢಿ. ದನಿ ತಾನಾಗಿ ಹೊರಟಿತ್ತು. ಹೇಳಿದ ಮೇಲೆ ನಡುಗುವ ಕೈಯಿಂದ ಬಾಯಿ ಮುಚ್ಚಿಕೊಂಡರು.

*

“ನಾಲ್ಕನೇ ಹೆಸರು ಮಾತ್ರ ಕನ್ನಡದಲ್ಲಿತ್ತು,” ಎಂದಳು ಅಕ್ಕ. “ನೀವೆಲ್ಲ ಕನ್ನಡ ಒತ್ತೋದು ಇಂಗ್ಲಿಷ್ ಅಕ್ಷರದಲ್ಲಿ. ಇಷ್ಟು ನೀಟಾಗಿ, ಒಂದು ಚುಕ್ಕೆ ಕೂಡ ಹಾಕದೆ ಬರೆಯೋದು, ಹೇಳಿದ್ದನ್ನ ಅಕ್ಷರ ಮಾಡೋ ಫೋನಿನ ಮೈಕು. ಬೆರಳು ನಡುಗೋರಿಗೆ ಇರೋದು ಅದೊಂದೇ ದಾರಿ. ಟೈಪ್ ಮಾಡೋಕೆ ಬರಲ್ಲ ಅಂತ ನೀವು ಬಿಟ್ಟುಬಿಟ್ರಲ್ಲ, ಅವರು ಟೈಪ್ ಮಾಡ್ಲೇ ಇಲ್ಲ. ಮಾತಾಡಿದ್ರು.”

“ಆದ್ರೆ ಅಮ್ಮ ಅಂತ...” ಎಂದೆ.

“ನನ್ನನ್ನ ಏನಂತ ಕರೆದ್ರು? ತಗೋಮ್ಮ, ಕುಡಿಯಮ್ಮ. ಮೊಮ್ಮಗಳೂ ಅವರಿಗೆ ಅಮ್ಮಾನೇ. ದಿನಕ್ಕೆ ನೂರು ಸಲ ಕೇಳ್ತೀರ, ಅದಕ್ಕೇ ಕೇಳಿಸಲ್ಲ. ಮಾವ, ನೀವು ಆ ಚೌಕದಲ್ಲಿ ನಿಮ್ಮ ಹೆಸರು ಹೇಳೋಕೆ ಮೈಕ್ ಒತ್ತಿದ್ರಿ ಅಲ್ವಾ? ಅಷ್ಟರಲ್ಲಿ ಮಗು ಕರೀತು.”

ಮಾವ ತಲೆಯಾಡಿಸಿದರು. “ಓಟಿಪಿ ಮೇಲೆ ಓಟಿಪಿ ಬರ್ತಿತ್ತು. ನೀವೆಲ್ಲ ಹೊರಗೆ ಒದ್ದಾಡ್ತಿದ್ರಿ. ಫೋನಲ್ಲಿ ಅವಳ ಖಾತೆ ತೆರೆದೇ ಇತ್ತು, ಅದರಲ್ಲಿ ಅವಳು ಇಟ್ಟ ಹಣಾನೂ ಇತ್ತು. ನಾನೇ ಮಾಡಿಬಿಟ್ಟೆ. ಹೆಸರು ಮಾತ್ರ... ಸಮಯ ಮುಗೀತಾ ಇದೆ ಅಂತ ಹೆದರಿಸ್ತು, ಮುಂದಕ್ಕೆ ಒತ್ತಿದೆ. ನೋಡ್ಲಿಲ್ಲ.”

“ಫೋನ್ ಯಾಕೆ ಮುಚ್ಚಿಟ್ರಿ?”

“ಆಸ್ಪತ್ರೆಯಿಂದ ನಾನೇ ಎತ್ತಿಕೊಂಡು ಬಂದೆ. ಅವಳು ರೆಕಾರ್ಡ್ ಮಾಡಿದ ಮಾತೆಲ್ಲ ಅದರಲ್ಲಿದೆ. ಅಪ್ಪಾ, ಮಾತ್ರೆ ತಗೊಂಡ್ಯಾ ಅಂತ ಕೇಳ್ತಾಳೆ. ದಿನಾ ಕೇಳ್ತಾಳೆ. ಕೊಟ್ರೆ ನೀವು ಎಲ್ಲ ಅಳಿಸಿ ಮಗೂಗೆ ಕೊಡ್ತೀರ ಅಂದ್ಕೊಂಡೆ.”

“ಮೇಲ್ ಬಂದ ಮೇಲಾದ್ರೂ ಹೇಳಬಹುದಿತ್ತಲ್ಲ ಅಪ್ಪಾ!” ನಾದಿನಿ ಅಳುತ್ತಿದ್ದಳು.

“ಹೇಳೋಣ ಅಂತಲೇ ಎದ್ದು ಬಂದೆ. ಗುಬ್ಬಿ ನಗ್ತಾ ಇದ್ಲು.”

ಬಾಗಿಲು ತೆರೆದಿತ್ತು. ಗುಬ್ಬಿ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಅದು ನಾನು ಕಣಮ್ಮ,” ಎಂದರು ಮಾವ.

“ನಾನು ನಿನ್ನನ್ನ ಕೇಳಿರ್ಲಿಲ್ಲ ತಾತ.”

“ಗೊತ್ತಮ್ಮ. ಆದ್ರೆ ಇಲ್ಲಿದ್ದವನು ನಾನೊಬ್ಬನೇ.”

ಅಂದು ರಾತ್ರಿಯ ಊಟಕ್ಕೆ ಗುಬ್ಬಿ ಹೆಚ್ಚಿನ ತಟ್ಟೆ ಇಡಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಬ್ಯಾಡ್ಜಿನ ಹೆಸರು ತಿದ್ದಲು ಮತ್ತೆ ಚಾಟ್‌ಗೆ ಬರೆದೆ. ‘ಖಂಡಿತ. ಮೂಲ ಖರೀದಿದಾರರು ಲಾಗಿನ್ ಆಗಲಿ’ ಎಂದಿತು. ಲಾಗಿನ್ ಆದೆ. ‘ಹೆಸರನ್ನು ಒಮ್ಮೆ ಮಾತ್ರ ತುಂಬಬಹುದು’ ಎಂದಿತು.

ಶನಿವಾರ ಗೇಟಿನಲ್ಲಿ ನಾಲ್ಕೂ ಬ್ಯಾಡ್ಜು ಅಚ್ಚಾಗಿ ಬಂದವು. ಸುತ್ತ ಬೂದು ಕೋಟಿನ ನೂರಾರು ಹೆಂಗಸರು, ಎಲ್ಲರೂ ಬೆನ್ನು ತೋರಿಸಿ ನಿಂತಂತೆ. ಗುಬ್ಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ತಡೆಯಲಿಲ್ಲ. ಸರದಿ ಮುಂದೆ ಸರಿಯಿತು. ಅವಳು ಅಲ್ಲೇ ನಿಂತಳು.

ಮಾವ ಕತ್ತಿನಲ್ಲಿ ಆ ಬ್ಯಾಡ್ಜು ಹಾಕಿಕೊಂಡು, ತಪ್ಪು ಮಾಡಿದವರಂತೆ ಅದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು.

“ಕೈ ತೆಗಿ ತಾತ,” ಎಂದಳು ಗುಬ್ಬಿ. ಹಸ್ತಾಕ್ಷರ ಹಾಕಿಸಿಕೊಳ್ಳಲು ತಂದಿದ್ದ ಮಾರ್ಕರಿನ ಮುಚ್ಚಳ ಬಿಚ್ಚಿದಳು. ಮೊದಲ ಪದದ ಪಕ್ಕದಲ್ಲಿ ಒಂದು ಅಲ್ಪವಿರಾಮ ಹಾಕಿದಳು. ದಪ್ಪಗೆ, ದೂರಕ್ಕೂ ಕಾಣುವಂತೆ.

ಅಮ್ಮ, ಇಲ್ಲೇ ಇದ್ದೀನಿ

ಆಮೇಲೆ ತಾತನ ನಡುಗುವ ಕೈ ಹಿಡಿದುಕೊಂಡು ಒಳಗೆ ನಡೆದಳು.