ಎರಡು ಎಣಿಕೆಗಳ ನಡುವೆ

"ಅಲುಗಾಡಬೇಡಿ... ಹಾಗೇ ಇರಿ."

ಅವನ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅವನ ಹಣೆಗೆ ಕಟ್ಟಿದ್ದ ದೀಪದ ಬೆಳಕು ನೇರವಾಗಿ ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು.

ಐಕಾ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಇಷ್ಟು ಹತ್ತಿರದಿಂದ ತನ್ನ ಮುಖವನ್ನು ಯಾರೂ ನೋಡಿರಲಿಲ್ಲ... ಅಮ್ಮ ಕೂಡ!

ಅವಳಿಗಾಗ ಇಪ್ಪತ್ತೆರಡು. ಮೋಶಿ ಪೇಟೆಯಲ್ಲಿ ಬಟ್ಟೆಯಂಗಡಿಯೊಂದರ ಜಗಲಿಯ ಮೇಲೆ ಅವಳ ಹೊಲಿಗೆ ಯಂತ್ರವಿತ್ತು. ಆ ಸಾಲಿನ ದರ್ಜಿಗಳೆಲ್ಲ ಬೀದಿಗೆ ಮುಖ ಮಾಡಿ ಕೂತು ಹೋಗಿಬರುವವರನ್ನು ಕರೆಯುತ್ತಿದ್ದರೆ, ಐಕಾ ಮಾತ್ರ ಗೋಡೆಗೆ ಮುಖ ಮಾಡಿ ಕೂತು ಹೊಲಿಯುತ್ತಿದ್ದಳು. ಗಿರಾಕಿಗಳಿಗೆ ಅವಳ ಬೆನ್ನಿನ ಪರಿಚಯವೇ ಹೆಚ್ಚು. ಹದಿನಾರರಲ್ಲಿ ಶುರುವಾದ ಮೊಡವೆಗಳು ಅವಳ ಮುಖ ಬಿಟ್ಟು ಹೋಗಿರಲಿಲ್ಲ. ಪೇಟೆಯಲ್ಲಿ ಸಿಗುವ ಬೆಳ್ಳಗಾಗುವ ಮುಲಾಮುಗಳನ್ನೆಲ್ಲ ಹಚ್ಚಿ ನೋಡಿದ್ದಾಗಿತ್ತು. ಅವು ಉರಿಸಿದ್ದೇ ಬಂತು.

ಚರ್ಮದ ಆಸ್ಪತ್ರೆಯಲ್ಲಿ ಮೊಡವೆಗೆ ಹೊಸ ಔಷಧಿಯ ಪ್ರಯೋಗ ನಡೆಯುತ್ತದಂತೆ, ಒಪ್ಪಿ ಬಂದವರಿಗೆ ಉಚಿತವಂತೆ ಎಂದು ಚರ್ಚಿನಲ್ಲಿ ಯಾರೋ ಹೇಳಿದ್ದರು. ಅಷ್ಟು ಕೇಳಿ ಬಂದಿದ್ದಳು.

ಬಾಗಿಲಲ್ಲೇ ತಲೆ ಬಗ್ಗಿಸಿ, "ಶಿಕಾಮೂ, ಡಾಕ್ಟ್ರೇ," ಎಂದಿದ್ದಳು, ಹಿರಿಯರಿಗೆ ಹೇಳುವ ಹಾಗೆ.

"ಅಯ್ಯೋ! ನನಗಿನ್ನೂ ಇಪ್ಪತ್ತೇಳು ಕಣ್ರೀ. ಈ ನಮಸ್ಕಾರಾನ ಊರಲ್ಲಿ ನಮ್ಮಜ್ಜನಿಗೆ ತಲುಪಿಸ್ತೀನಿ ಬಿಡಿ," ಎಂದಿದ್ದ ಅವನು. "ಅಷ್ಟಕ್ಕೂ ನಾನು ಡಾಕ್ಟ್ರೂ ಅಲ್ಲ. ಎಣಿಸೋನು. ಒನೆಸ್ಮೋ ಅಂತ."

ಎಣಿಸುವುದೇ ಅವನ ಕೆಲಸ. ಪ್ರಯೋಗಕ್ಕೆ ಸೇರಿದವರಿಗೆಲ್ಲ ಎರಡು ಟ್ಯೂಬು. ನೀಲಿ ಮುಚ್ಚಳದ್ದು ಬಲಗೆನ್ನೆಗೆ, ಬಿಳಿ ಮುಚ್ಚಳದ್ದು ಎಡಗೆನ್ನೆಗೆ. ಒಂದರಲ್ಲಿ ಔಷಧಿ ಇರುತ್ತದೆ, ಇನ್ನೊಂದರಲ್ಲಿ ಬರೀ ಮುಲಾಮು. ಯಾವುದು ಯಾವುದೆಂದು ಹಚ್ಚುವವರಿಗೂ ಗೊತ್ತಿಲ್ಲ, ಎಣಿಸುವವರಿಗೂ ಗೊತ್ತಿಲ್ಲ. ಎರಡು ವಾರಕ್ಕೊಮ್ಮೆ ಇಬ್ಬರು ಬೇರೆ ಬೇರೆಯಾಗಿ ಕೂತು ಮೊಡವೆ ಎಣಿಸಬೇಕು, ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ಹಳೆಯ ಕಲೆಗಳು ಲೆಕ್ಕಕ್ಕಿಲ್ಲ. ಜೀವ ಇರುವ ಗುಳ್ಳೆಗಳು ಮಾತ್ರ. ಕಪ್ಪು ಚರ್ಮದ ಮೇಲೆ ಕೆಂಪು ಕಾಣುವುದಿಲ್ಲವಾದ್ದರಿಂದ ಕಣ್ಣು ಬಹಳ ಚುರುಕಾಗಿರಬೇಕು.

"ಮೂವತ್ತೊಂಬತ್ತು... ನಲವತ್ತು..." ಅವನು ಪಿಸುಗುಟ್ಟುತ್ತಿದ್ದ.

*ಭೂಮಿ ಬಾಯಿ ಬಿಡಬಾರದಾ!* ಎಂದುಕೊಂಡಳು ಐಕಾ.

"ಮುಗೀತು. ಕಣ್ಣು ಬಿಡಿ."

ಕಣ್ಣು ಬಿಟ್ಟಳು. ಅವನು ದೀಪ ಆರಿಸಿ ಹಾಳೆಯಲ್ಲಿ ಏನೋ ಬರೆಯುತ್ತಿದ್ದ. ಅವನ ಮುಖದಲ್ಲಿ ಅಸಹ್ಯವಿರಲಿಲ್ಲ. ಅವಳು ಬಹಳ ಹೆದರುತ್ತಿದ್ದ ಆ ಕನಿಕರವೂ ಇರಲಿಲ್ಲ.

ಆ ಮೇಲಿನ ಗುರುವಾರಗಳು! ಎಷ್ಟು ವರ್ಷಗಳಾದರೂ ಐಕಾಳಿಗೆ ಅವುಗಳ ವಾಸನೆಯೇ ಮೊದಲು ನೆನಪಿಗೆ ಬರುತ್ತದೆ... ಸ್ಪಿರಿಟ್ಟು, ತೊಳೆದ ಸಿಮೆಂಟು ನೆಲ, ಕಿಟಕಿಯಾಚೆ ಯಾರದೋ ಒಲೆಯ ಮೇಲೆ ಬೇಯುವ ಬಾಳೆಕಾಯಿ. ಬೆಳಿಗ್ಗೆ ಎಂಟಕ್ಕೆ ಬೆಟ್ಟದ ತುದಿಯ ಹಿಮದ ಬಿಳುಪು ಇನ್ನೂ ಮೋಡದೊಳಗೆ ಸೇರಿರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಅವಳ ಹಾಗೇ ಮುಖ ಬಗ್ಗಿಸಿದವರು. ಅಲ್ಲಿ ಯಾರೂ ಯಾರನ್ನೂ ದಿಟ್ಟಿಸುತ್ತಿರಲಿಲ್ಲ. ಆ ಮೌನದಲ್ಲಿ ಒಂದು ಬಗೆಯ ನೆರಳಿತ್ತು.

ಮೊದಲು ಎಣಿಸುವವರು ಸಿಸ್ಟರ್ ಪೆರ್ಪೆತುವಾ. ಐವತ್ತು ದಾಟಿದ ನರ್ಸಮ್ಮ, ಬಾಯಿ ಸುಮ್ಮನಿರುವುದಿಲ್ಲ.

"ಆ ಪಕ್ಕದ ಕೋಣೆಯೋನು ದೂರದ ಸಿಂಗಿಡಾ ಕಡೆಯವನು ಕಣೇ ಮಗಳೇ. ನಮ್ಮ ಬಾಳೆಕಾಯಿ ಸಾರು ಕೊಟ್ರೆ ಮೂಗು ಮುಚ್ಕೊಂಡು ಕಷಾಯ ಕುಡಿದ ಹಾಗೆ ಕುಡೀತಾನೆ!"

"ಕೇಳಿಸ್ತಿದೆ ಸಿಸ್ಟರಮ್ಮಾ!" ಗೋಡೆಯಾಚೆಯಿಂದ ಅವನ ದನಿ.

"ಕೇಳಿಸ್ಲಿ ಅಂತಾನೇ ಹೇಳಿದ್ದು!"

ಐಕಾ ನಕ್ಕುಬಿಟ್ಟಳು. ನಕ್ಕಾಗ ಕೆನ್ನೆ ಉರಿಯಿತು. ಆದರೂ ನಕ್ಕಳು.

ಔಷಧಿಯ ಬಗ್ಗೆ ಒಂದಕ್ಷರವೂ ಆಡಬಾರದೆಂದು ನಿಯಮ. ಹಾಗಾಗಿ ಅವರಿಬ್ಬರೂ ಉಳಿದಿದ್ದನ್ನೆಲ್ಲ ಆಡಿದರು.

"ಈ ವಾರ ಏನು ಹೊಲಿದ್ರಿ?"

"ಮದುಮಗಳ ಅಕ್ಕನಿಗೆ ಒಂದು ಗೌನು. ಮೂರು ಸಲ ಬಿಚ್ಚಿಸಿದ್ಲು ಪುಣ್ಯಾತ್ಗಿತ್ತಿ."

"ಮದುಮಗಳೇ ಸುಮ್ಮನಿರ್ಬೇಕಾದ್ರೆ ಅಕ್ಕನಿಗೇನಂತೆ?"

"ಅಕ್ಕನಿಗೆ ಇನ್ನೂ ಮದುವೆಯಾಗಿಲ್ಲ. ಅದಕ್ಕೇ!"

"ಓಹೋ..." ಎಂದು ನಗುತ್ತಾ ದೀಪ ಹೊತ್ತಿಸುತ್ತಿದ್ದ. ಆಮೇಲೆ ಎಣಿಕೆ. ಆಗ ಕೋಣೆಯಲ್ಲಿ ಉಸಿರಿನ ಸದ್ದು ಬಿಟ್ಟು ಏನೂ ಇರುತ್ತಿರಲಿಲ್ಲ.

ನಾಲ್ಕನೆಯ ಗುರುವಾರ ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ.

ಅವನು ಎಣಿಸುತ್ತಾ ಎಣಿಸುತ್ತಾ ತಡೆದ. ದೀಪದ ಬೆಳಕಿನಲ್ಲಿ ಇಬ್ಬರ ಕಣ್ಣೂ ಕೂಡಿದವು. ಎಷ್ಟು ಹೊತ್ತೋ...

"ಎಲ್ಲಿಗೆ ಬಂದಿದ್ದೆ?" ಎಂದ ಅವನು ಮೆಲ್ಲಗೆ.

"ನಂಗೇನು ಗೊತ್ತು? ಎಣಿಸೋರು ನೀವಲ್ವಾ?"

ಮಾರನೆಯ ದಿನ ಅವಳು ಹೊಲಿಗೆ ಯಂತ್ರವನ್ನು ಬೀದಿಯ ಕಡೆಗೆ ತಿರುಗಿಸಿದಳು. ಪಕ್ಕದ ದರ್ಜಿ ಮುದುಕ, "ಏನಮ್ಮಾ, ಗೋಡೆ ಜೊತೆ ಜಗಳ ಆಯ್ತಾ?" ಎಂದು ಕೇಳಿದ. ಐಕಾ ಹಾಡೊಂದನ್ನು ಗುನುಗಿಕೊಂಡಳು.

*ಒಬ್ಬ ಮನುಷ್ಯ ನನ್ನ ಮುಖದಲ್ಲಿರೋದನ್ನೆಲ್ಲ ಒಂದೊಂದಾಗಿ ನೋಡಿದ್ದಾನೆ... ನೋಡಿಯೂ ನಗ್ತಾನೆ. ಇನ್ಯಾರಿಗೆ ಹೆದರ್ಬೇಕು ನಾನು?*

ಐದನೆಯ ಗುರುವಾರ ಅವಳು ತಾನೇ ಹೊಲಿದ ಹಸಿರು ಅಂಗಿ ತೊಟ್ಟು ಹೋದಳು.

ಅವನ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಕನ್ನಡಕ ಹಾಕಿದ ಹೆಂಗಸೊಬ್ಬಳು ದೀಪ ಕಟ್ಟಿಕೊಂಡು ಕೂತಿದ್ದಳು.

ಐಕಾ ಹೊರಗೆ ಬಂದು ಪೆರ್ಪೆತುವಾರನ್ನು ಹುಡುಕಿದಳು. "ಸಿಸ್ಟರಮ್ಮ, ಒನೆಸ್ಮೋ ಅವರು ಇವತ್ತು ಬಂದಿಲ್ವಾ?"

ಮೊದಲ ಸಲ ಪೆರ್ಪೆತುವಾ ದನಿ ತಗ್ಗಿಸಿ ಮಾತಾಡಿದರು.

"ಬಂದಿದಾನೆ. ಆ ಕಡೆ ಕೋಣೆಲಿ ಬೇರೆಯೋರನ್ನ ನೋಡ್ತಿದಾನೆ."

"ಮತ್ತೆ ನನ್ನನ್ನ...?"

"ನಿನ್ನ ಮುಖ ಎಣಿಸೋ ಕೆಲಸ ಬೇರೆ ಯಾರಿಗಾದ್ರೂ ಕೊಡಿ ಅಂತ ಅವನೇ ಕೇಳ್ಕೊಂಡ, ಮಗಳೇ. ಯಾಕೆ ಅಂತ ಮಾತ್ರ ಕೇಳ್ಬೇಡ. ಪ್ರಯೋಗ ಮುಗಿಯೋವರೆಗೂ ಅದನ್ನ ಹೇಳೋ ಹಾಗಿಲ್ಲ."

ಐಕಾ ತಲೆವಸ್ತ್ರವನ್ನು ಕೆನ್ನೆಯ ಮೇಲೆ ಎಳೆದುಕೊಂಡಳು.

ಬೇರೆಯವರ ಮುಖವನ್ನೆಲ್ಲ ನೋಡುತ್ತಾನೆ. ತನ್ನದನ್ನು ಮಾತ್ರ...

ಅಷ್ಟರಲ್ಲಿ ಆ ತುದಿಯ ಬಾಗಿಲು ತೆರೆಯಿತು. ಒನೆಸ್ಮೋ ಹೊರಗೆ ಬಂದ. ಅವಳನ್ನು ನೋಡಿ ನಿಂತ. ಅವನ ತುಟಿ ಅಲುಗಿತು. ಈಗ ಏನಾದರೂ ಹೇಳುತ್ತಾನೆ... ಒಂದು ಮಾತು... ಒಂದೇ ಒಂದು...

ಅವನು ತಲೆ ತಗ್ಗಿಸಿ, ಗೋಡೆಯ ಪಕ್ಕದಲ್ಲೇ ನಡೆದು ಹೋಗಿಬಿಟ್ಟ.

ಐಕಾ ಚೀಲದಿಂದ ಎರಡೂ ಟ್ಯೂಬುಗಳನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಇದೇನೇ ಇದು?"

"ನಾನು ಬಿಡ್ತಿದೀನಿ ಸಿಸ್ಟರಮ್ಮ. ಬಿಡಬಹುದು ಅಂತ ಮೊದಲ ದಿನಾನೇ ಹೇಳಿದ್ರಲ್ಲ."

"ಅರ್ಧಕ್ಕೆ ಬಿಡ್ಬೇಡ ಮಗಳೇ... ಇಳೀತಾ ಇದೆ ನಿಂಗೆ!"

"ಇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಹೊಲಿಗೆ ಯಂತ್ರ ಮತ್ತೆ ಗೋಡೆಯ ಕಡೆ ತಿರುಗಿತು. ಈ ಸಲ ಪಕ್ಕದ ಮುದುಕ ಏನೂ ಕೇಳಲಿಲ್ಲ.

ಜೂನ್ ಚಳಿ ಬಂತು, ಹೋಯಿತು. ಆಸ್ಪತ್ರೆಯ ದಾರಿಯ ಮರಗಳು ನೇರಳೆ ಹೂ ಬಿಟ್ಟು ಉದುರಿಸಿದವು. ಐಕಾ ಎಷ್ಟೋ ಮದುವೆಯ ಗೌನುಗಳನ್ನು ಹೊಲಿದಳು. ಕನ್ನಡಿ ಕಂಡರೆ ಪಕ್ಕಕ್ಕೆ ಸರಿದಳು. ಗುರುವಾರ ಬೆಳಿಗ್ಗೆ ಎಂಟಾದಾಗ ಮಾತ್ರ, ಯಾಕೋ, ಸೂಜಿಗೆ ದಾರ ಪೋಣಿಸುವ ಕೈ ತಡೆಯುತ್ತಿತ್ತು.

ಏಳು ತಿಂಗಳ ಮೇಲೆ, ಡಿಸೆಂಬರಿನ ಒಂದು ಮಧ್ಯಾಹ್ನ, ಅವಳ ಬೆನ್ನ ಹಿಂದೆ ಯಾರೋ ಬಟ್ಟೆಯ ಗಂಟನ್ನು ದೊಪ್ಪೆಂದು ಹಾಕಿದರು.

"ನಂಗೊಂದು ಯೂನಿಫಾರಂ ಹೊಲಿ. ಸೊಂಟದ ಅಳತೆ ಮಾತ್ರ ಗಟ್ಟಿಯಾಗಿ ಕೂಗ್ಬೇಡ!"

"ಸಿಸ್ಟರಮ್ಮಾ!"

ಪೆರ್ಪೆತುವಾ ಸ್ಟೂಲೆಳೆದುಕೊಂಡು ಕೂತರು. "ಪ್ರಯೋಗ ಮುಗೀತು. ಗುರುವಾರ ಎಲ್ಲರನ್ನೂ ಕರೆದು ಫಲಿತಾಂಶ ಹೇಳ್ತಾರೆ. ಯಾವ ಕೆನ್ನೆಗೆ ಔಷಧಿ ಹಚ್ಚಿದ್ರಿ ಅಂತ ಒಬ್ಬೊಬ್ಬರಿಗೂ ಲಕೋಟೆ ಕೊಡ್ತಾರೆ. ನಿಂದೂ ಇದೆ."

"ನಂಗೆ ಬೇಡ."

"ಲಕೋಟೆ ಬೇಡದಿದ್ರೆ ಬಿಡು. ಅವತ್ತು ಯಾಕೆ ಅಂತ ಕೇಳ್ಬೇಡ ಅಂದಿದ್ದೆನಲ್ಲ, ಅದನ್ನ ಕೇಳೋಕಾದ್ರೂ ಬಾ. ಅವನು ಜನವರಿಗೆ ಸಿಂಗಿಡಾಗೆ ವರ್ಗ ಆಗಿ ಹೋಗ್ತಿದಾನೆ. ಆಮೇಲೆ ಕೇಳ್ಬೇಕು ಅಂದ್ರೂ ಸಿಗಲ್ಲ."

ಐಕಾ ಮೂರು ರಾತ್ರಿ ಯೋಚಿಸಿದಳು. ಹೋಗಬಾರದು ಎಂದೇ ಮೂರು ಸಲವೂ ತೀರ್ಮಾನಿಸಿದಳು.

ಗುರುವಾರ ಹೋದಳು.

ಆಸ್ಪತ್ರೆಯ ಸಭಾಂಗಣದಲ್ಲಿ ಸೋಡಾ ಬಾಟಲಿಗಳ ಗಲಗಲ. ದೊಡ್ಡ ಡಾಕ್ಟರಮ್ಮ ಫಲಿತಾಂಶ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಐಕಾಳಿಗೆ ಒಂದೂ ತಲೆಗೆ ಹೋಗಲಿಲ್ಲ. ಒನೆಸ್ಮೋ ಹೆಸರು ಕೂಗಿ ಕೂಗಿ ಲಕೋಟೆ ಹಂಚುತ್ತಿದ್ದ. ತೆಳ್ಳಗಾಗಿದ್ದ. ಅವಳ ಹೆಸರು ಬರಲೇ ಇಲ್ಲ.

ಅವಳು ಎದ್ದು ಹೊರಗೆ ನಡೆದಳು. ನೀರಿನ ಟ್ಯಾಂಕಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಓಡಿಬಂದ ಹೆಜ್ಜೆ ಸದ್ದು.

"ಐಕಾ!"

ಅವನು ಏದುಸಿರು ಬಿಡುತ್ತಾ ಲಕೋಟೆ ಚಾಚಿದ. "ನಿಮ್ಮದನ್ನ ಎಲ್ಲರ ಎದುರಿಗೆ ಕೂಗಿ ಕೊಡೋಕೆ ಮನಸ್ಸಾಗ್ಲಿಲ್ಲ."

"ಯಾಕೆ? ನನ್ನ ಹೆಸರು ಹೇಳೋಕೂ ಅಸಹ್ಯವಾ?"

ಅವನು ಲಕೋಟೆಯನ್ನು ಅವಳ ಕೈಗಿಟ್ಟ.

"ನಲವತ್ತಮೂರು, ನಲವತ್ತೆರಡು," ಎಂದ.

"ಏನದು?"

"ಮೊದಲ ದಿನ ಸಿಸ್ಟರಮ್ಮ ಎಣಿಸಿದ್ದು ನಲವತ್ತಮೂರು, ನಾನು ನಲವತ್ತೆರಡು. ಅದು ಸರಿಯಾಗೇ ಇತ್ತು. ಎರಡನೇ ಸಲ ಅವರದು ನಲವತ್ತು, ನಂದು ಮೂವತ್ತನಾಲ್ಕು. ಮೂರನೇ ಸಲ ಮೂವತ್ತೇಳು, ಇಪ್ಪತ್ತಾರು. ನಾಲ್ಕನೇ ಸಲ..." ಅವನ ದನಿ ತಗ್ಗಿತು. "ಅವರದು ಮೂವತ್ತಾರು. ನಂದು ಹತ್ತೊಂಬತ್ತು."

ಐಕಾ ಮನಸ್ಸಿನಲ್ಲೇ ಕಳೆದು ನೋಡಿದಳು... ಹದಿನೇಳು.

"ದೊಡ್ಡ ಡಾಕ್ಟರಮ್ಮ ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಕನ್ನಡಕ ಬೇಕೇನಪ್ಪಾ ಅಂತ ಕೇಳಿದ್ರು. ಬೇರೆ ಯಾರ ಮುಖದಲ್ಲೂ ನಾನು ಎರಡಕ್ಕಿಂತ ಹೆಚ್ಚು ತಪ್ಪಿಲ್ಲ. ನಿಮ್ಮದರಲ್ಲಿ ಮಾತ್ರ... ಬೇಕು ಅಂತ ಬಿಟ್ಟಿದ್ದಲ್ಲ ಐಕಾ. ದೇವರಾಣೆ, ಕಾಣಲೇ ಇಲ್ಲ! ಆಗ್ಲೇ ನಂಗೂ ಗೊತ್ತಾಗಿದ್ದು, ನನಗೇನಾಗಿದೆ ಅಂತ. ನಾನೇ ಒಪ್ಪಿಕೊಂಡೆ. ಇವರನ್ನ ಎಣಿಸೋಕೆ ಇನ್ನು ನಾನು ಯೋಗ್ಯ ಅಲ್ಲ, ನನ್ನ ಎಣಿಕೆ ತೆಗೆದುಹಾಕಿ ಅಂದೆ."



ಅವಳ ಕಣ್ಣು ತುಂಬಿತು. ಅದಕ್ಕಿಂತ ಮೊದಲು ಸಿಟ್ಟು ಬಂತು.

"ಏಳು ತಿಂಗಳು! ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನು ಏನು ತಿಳ್ಕೊಂಡೆ ಗೊತ್ತಾ?"

"ಗೊತ್ತು. ಅವತ್ತು ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು. ಆದ್ರೆ ಆ ಮಾತು ಆಡಿದ್ರೆ ನಿಮ್ಮನ್ನೂ ಪ್ರಯೋಗದಿಂದ ಕೈಬಿಡ್ತಿದ್ರು, ಔಷಧಿ ತಪ್ಪಿಹೋಗ್ತಿತ್ತು. ನಿಮ್ಮ ಔಷಧಿ ಉಳಿಸೋಕೆ ಸುಮ್ಮನಿದ್ದೆ. ನಾನು ಸುಮ್ಮನಿದ್ದಿದ್ದಕ್ಕೇ ನೀವು ಬಿಟ್ಟು ಹೋದ್ರಿ. ಆಮೇಲೂ ಕಡತ ಮುಚ್ಚೋವರೆಗೆ ಬಾಯಿ ಬಿಡೋ ಹಾಗಿರ್ಲಿಲ್ಲ, ಮೊನ್ನೆ ಸೋಮವಾರ ಮುಚ್ಚಿದ್ರು. ಆವತ್ತೇ ಸಿಸ್ಟರಮ್ಮನ ಕಾಲು ಹಿಡಿದು ನಿಮ್ಮ ಹತ್ರ ಕಳಿಸಿದೆ."

"ಯೂನಿಫಾರಂ ಹೊಲಿಸೋಕೆ ಬಂದೆ ಅಂದ್ರು!"

"ಅದೂ ನಿಜಾನೇ ಇರ್ಬೇಕು. ಅವರು ಒಂದೇ ಕೆಲಸಕ್ಕೆ ಅಷ್ಟು ದೂರ ನಡೆಯೋರಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ನಗುವಿನ ಹಿಂದೆಯೇ ಅಳು. ಕೆನ್ನೆ ಒರೆಸಿಕೊಂಡಳು. ಆಮೇಲೆ ಏನೋ ಹೊಳೆದವಳ ಹಾಗೆ ಗಂಭೀರಳಾದಳು.

"ನೀವು ಕಾಣದೇ ಬಿಟ್ಟ ಆ ಹದಿನೇಳು ಇದ್ದಾವಲ್ಲ... ಅವೂ ನಂದೇ."

ಅವನು ತಲೆಯೆತ್ತಿದ.

"ಇಲ್ಲದ ಮುಖಾನ ಇಷ್ಟಪಟ್ಟು ಸಿಂಗಿಡಾಗೆ ಹೊತ್ಕೊಂಡು ಹೋಗ್ಬೇಡಿ. ಔಷಧಿ ಬಿಟ್ಟ ಮೇಲೆ ಅವೆಲ್ಲ ವಾಪಸ್ ಬಂದಿದ್ದಾವೆ. ನೋಡಿ."

ಅವಳು ಟ್ಯಾಂಕಿನ ನೆರಳಿನಿಂದ ಆಚೆಗೆ, ನಡುಹಗಲಿನ ಬಿಸಿಲಿಗೆ ಬಂದು ನಿಂತಳು. ತಲೆವಸ್ತ್ರ ತೆಗೆದಳು. ಆರು ವರ್ಷ ಬಚ್ಚಿಟ್ಟಿದ್ದ ಮುಖವನ್ನು ಎತ್ತಿ ಹಿಡಿದಳು. ಕಣ್ಣು ಮುಚ್ಚಲಿಲ್ಲ.

ಒನೆಸ್ಮೋ ನೋಡಿದ. ಹಣೆ... ಬಲಗೆನ್ನೆ... ಎಡಗೆನ್ನೆ... ಗಲ್ಲ. ಆತುರಪಡದೆ, ಒಂದನ್ನೂ ದಾಟದೆ ನೋಡಿದ.

"ಕಾಣ್ತಿದ್ದಾವಾ?"

"ಕಾಣ್ತಿದ್ದಾವೆ."

"ಎಲ್ಲಾ?"

"ಎಲ್ಲಾ."

"ಆಮೇಲೆ?"

"ಆಮೇಲೇನು... ಈ ಭಾನುವಾರ ನಿಮ್ಮನೆಗೆ ಬರ್ಲಾ?"

ಐಕಾಳ ಕೈಯಲ್ಲಿದ್ದ ಲಕೋಟೆ ಇನ್ನೂ ಒಡೆದಿರಲಿಲ್ಲ. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಎಷ್ಟೋ ದಿನ ಅದು ಹಾಗೇ ಅಲ್ಲೇ ಇತ್ತು.

"ನೀವೇ ಬಂದ್ರೆ ಅಮ್ಮ ಬಾಗಿಲಲ್ಲೇ ನಿಲ್ಲಿಸ್ತಾಳೆ," ಎಂದಳು ತಲೆವಸ್ತ್ರ ಕಟ್ಟಿಕೊಳ್ಳುತ್ತಾ. "ಮೊದಲು ನಿಮ್ಮ ಮನೆಯ ಹಿರಿಯರು ಹೆಣ್ಣು ಕೇಳೋ ಪತ್ರ ತಗೊಂಡು ಬರ್ಬೇಕು. ಸಿಂಗಿಡಾದಲ್ಲಿ ಆ ಪದ್ಧತಿ ಇಲ್ವಾ?"

"ಇದೆ... ಇದೆ! ಚಿಕ್ಕಪ್ಪ ಇದಾರೆ. ಆದ್ರೆ ಅವರು ಅಲ್ಲಿಂದ ಇಲ್ಲಿಗೆ ಬರೋಕೆ ಒಂದಿಡೀ ದಿನದ ಬಸ್ಸು. ನೀವು ಅಲ್ಲಿವರೆಗೂ..."

"ಏಳು ತಿಂಗಳು ಕಾದಿದೀನಿ ಒನೆಸ್ಮೋ," ಎಂದಳು ಐಕಾ. "ಒಂದು ಬಸ್ಸಿಗೆ ಕಾಯಲ್ವಾ?"