ಯೆನ್ ಅಜ್ಜಿಯ ಹೊಲಿಗೆ ಮೇಜು

ತೈನಾನ್ ಊರಿನ ಹಳೇ ಮಾರುಕಟ್ಟೆಯಲ್ಲಿ ಶ್ಯಾವ್ ವೆನ್‌ಪಿನ್‌ನನ್ನು ಎಲ್ಲರೂ ಕರೆಯುತ್ತಿದ್ದುದು 'ಒರೆಸೋ ಶ್ಯಾವ್' ಎಂದು. ಮೂವತ್ತು ವರ್ಷ ಕಾಲ ಹಳೇ ಹೊಲಿಗೆ ಮಿಷನ್ನುಗಳ ಮರ ತೊಳೆದು, ಬಿರುಕು ಮುಚ್ಚಿ, ಮೆರುಗು ಕೊಟ್ಟದ್ದಕ್ಕೆ ಸಿಕ್ಕ ಬಿರುದು ಅದು. ಆ ಮೇಜುಗಳ ಪಕ್ಕ ನಿಂತು ಪತ್ರಿಕೆಯಲ್ಲಿ ಹಲ್ಲು ಕಿರಿಯುತ್ತಿದ್ದವರು ಮಾತ್ರ ಅವನ್ನು ಕೊಂಡ ತೈಪೆ ನಗರದ ಸಂಗ್ರಾಹಕರು. ಹೀಗಾಗಿ, ಯೆನ್ ಅಜ್ಜಿ ತನ್ನ ಮದುವೆಯ ಬಳುವಳಿಯ ಮಿಷನ್ನನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ ಬೆಳಿಗ್ಗೆ, ಶ್ಯಾವ್ ಮೀನಿನ ಗಂಜಿಯ ಬಟ್ಟಲನ್ನು ಬದಿಗಿಟ್ಟು, ಈ ಸಲವಾದರೂ ಲಾಭ ತನಗಿರಲಿ ಎಂದುಕೊಂಡ. ಕರ್ಪೂರದ ಮರದ ಮೇಜು. ಅಂಚಿನ ತುಂಬ ಹೊಳೆಯುವ ಚಿಪ್ಪಿನ ಹೂಗಳು. ಅಂಥದ್ದನ್ನು ಅವನು ಕಂಡೇ ಇರಲಿಲ್ಲ.

"ಮೊಮ್ಮಗಳ ಮದುವೆಗೆ ಕೊಡ್ಬೇಕು ಕಣಪ್ಪ. ಮೇಜು ತೊಳ್ದು ಚೊಕ್ಕ ಮಾಡ್ಕೊಡು."

"ಮೂರು ವಾರ ಆಗುತ್ತೆ ಅಜ್ಜಿ."

"ಮೂರು ವಾರಾನಾ? ಮೇಜು ತೊಳೀತೀಯೋ, ಅದರ ಮೇಲೆ ಕಾವಿಗೆ ಕೂರ್ತೀಯೋ?"

ಅಜ್ಜಿ ಬೀದಿ ದಾಟುವುದರೊಳಗೆ ಉಪಾಯ ಸಿದ್ಧವಾಗಿತ್ತು. ಕಬ್ಬಿಣದ ಮಿಷನ್ನು ಅದೇ ಇರಲಿ. ಮರ ಮಾತ್ರ ಬದಲಾಗಲಿ. ಕೆಡವಿದ ಮನೆಯೊಂದರಿಂದ ಅಷ್ಟೇ ಹಳೆಯ ಕರ್ಪೂರದ ತೊಲೆ ತಂದ, ಹಾಗಾಗಿ ವಾಸನೆಯ ಚಿಂತೆ ಇರಲಿಲ್ಲ. ಚಿಪ್ಪನ್ನು ಕೂದಲೆಳೆಯ ಗರಗಸದಲ್ಲಿ ಕೊರೆದು ಹೂ ಕೂರಿಸಿದ. ಅಸಲಿಯಲ್ಲಿ ಎರಡು ಹೂಗಳ ಎಸಳು ಮುರಿದಿದ್ದವು, ಅವನೂ ಮುರಿದ. ಆಮೇಲೆ ಕಲೆಗಳು. ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತನ್ನು ನಾಲ್ಕು ಹಲಗೆ ಸುಟ್ಟು ಕಲಿತ. ಚಹಾ ಬಟ್ಟಲಿನ ಉಂಗುರಕ್ಕೆ ಹದಿನಾಲ್ಕು ಬಗೆಯ ಚಹಾ ಕುದಿಸಿ, ಕೊನೆಗೆ ಸೋಯಾ ಸಾಸ್ ಬೆರೆಸಿದಾಗ ಬಣ್ಣ ಕೂಡಿಬಂತು. ಆ ಮೇಜನ್ನು ಹಾಳುಗೆಡವಲು ದೇವರಿಗೆ ಅರವತ್ತು ವರ್ಷ ಬೇಕಾಗಿತ್ತು. ಶ್ಯಾವ್‌ಗೆ ಹತ್ತೊಂಬತ್ತು ದಿನ ಸಾಕಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅಸಲಿ ಯಾವುದೆಂದು ಅವನಿಗೇ ಒಂದು ಕ್ಷಣ ಗಲಿಬಿಲಿಯಾಯಿತು. ಅಸಲಿ ಮೇಜು ಸಂಗ್ರಾಹಕನೊಬ್ಬನಿಗೆ ಮಾರಾಟವಾಗಿ, ಹುಲ್ಲು ಸುತ್ತಿಕೊಂಡು ತೈಪೆಯ ಲಾರಿ ಹತ್ತಿತು. ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ತಾನು ಮಾಡಿಲ್ಲ ಎಂದುಕೊಂಡು ಅವನು ಹೊಸ ಅಂಗಿ ತೊಟ್ಟು ಕಾದ.

ಅಜ್ಜಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಇದು ದೊಡ್ಡ ಮಗಳ ಲಂಗ ಇಸ್ತ್ರಿ ಮಾಡುವಾಗ ಸುಟ್ಟಿದ್ದು. ಇದು ನಮ್ಮ ಯಜಮಾನ್ರು ಚಹಾ ಇಟ್ಟ ಗುರುತು." ಶ್ಯಾವ್‌ನ ಎದೆ ಉಬ್ಬಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. "ಎಲ್ಲಾ ಹಂಗಂಗೇ ಇದೆಯಲ್ಲೋ ಸೋಂಬೇರಿ! ತೊಳ್ದಿದ್ದು ಏನನ್ನ?" ಹತ್ತೊಂಬತ್ತು ದಿನದಲ್ಲಿ ತೊಳೆಯುವ ಆ ಒಂದು ಮಾತು ಶ್ಯಾವ್‌ಗೆ ಹೊಳೆದೇ ಇರಲಿಲ್ಲ. "ನೀನ್ ಮಾಡದಿದ್ರೆ ನಾನೇ ಮಾಡ್ತೀನಿ" ಎಂದು ಅಜ್ಜಿ ಹೆಬ್ಬೆರಳಿಗೆ ಎಂಜಲು ಹಚ್ಚಿ ಗಂಡನ ಚಹಾದ ಗುರುತನ್ನು ಉಜ್ಜಿದಳು. ಅದು ಸಲೀಸಾಗಿ ಬೆರಳಿಗೇ ಬಂತು. ಅರವತ್ತು ವರ್ಷ ಬೂದಿ, ಸೋಡಾ, ಕಣ್ಣೀರು ಯಾವುದಕ್ಕೂ ಜಗ್ಗದ ಕಲೆ ಅದು. ಅಜ್ಜಿ ಬೆರಳನ್ನು ಮೂಸಿದಳು, ಸೋಯಾ ಸಾಸ್. ನಿಧಾನಕ್ಕೆ ತಲೆಯೆತ್ತಿ, ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದಳು: "ನನ್ನ ಮೇಜು ಎಲ್ಲೋ?"