ಭಾನುವಾರದ ಅಪ್‌ಡೇಟ್

"ಮನೀಶ, ಈ ಟ್ಯಾಬಿಗೆ ಎಂತ ಆಗಿದೆ ಮಾರಾಯ? ಮದುವೆಯ ಸೈಟ್ ಓಪನ್ನೇ ಆಗುವುದಿಲ್ಲ. ಒಬ್ಬ ಹುಡುಗನ ಮುಖವೂ ಕಾಣುವುದಿಲ್ಲ!"

ತಾಯಿ ನಳಿನಾಕ್ಷಿಯ ದೂರು ಕೇಳಿ ಧೃತಿ ಬಾಗಿಲ ಮರೆಯಲ್ಲಿ ತುಟಿ ಕಚ್ಚಿಕೊಂಡಳು. ಮುಖ ಕಾಣದಂತೆ ಮಾಡಿಸಿದವಳು ಅವಳೇ.

ಕಾಪುವಿನ ಆ ಮನೆಗೆ ಮನೀಶ ಬರತೊಡಗಿದ್ದು ಅವಳ ಅಪ್ಪ ದೂಮಪ್ಪನ ದೆಸೆಯಿಂದ. ಮೀನಿನ ವ್ಯಾಪಾರಿ ಪಾಪ, ರೇಟು ನೋಡಲು ಫೋನ್ ತೆರೆದರೆ ಸಾಕು, ರಮ್ಮಿ ಆಡಿ ಎಂದು ಜಾಹೀರಾತುಗಳು ಮೈಮೇಲೆ ಬೀಳುತ್ತಿದ್ದವು. ಆ ಪುಣ್ಯಾತ್ಮ ಎಲ್ಲವನ್ನೂ ಒತ್ತುತ್ತಿದ್ದ. ಮಣಿಪಾಲದ ಕಂಪ್ಯೂಟರ್ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ಮನೀಶ, ರೌಟರಿನ ಪಕ್ಕ ಅಂಗೈಯಗಲದ ಡಬ್ಬಿಯೊಂದನ್ನು ಕೂರಿಸಿದ. ಮನೆಯ ವೈಫೈಯಲ್ಲಿ ಯಾರು ಏನು ನೋಡಿದರೂ ಬೇಡದ್ದನ್ನು ಅದು ಹೊರಗೇ ತಡೆಯುತ್ತಿತ್ತು.

ಅದಕ್ಕೆ ಆಗಾಗ ಅಪ್‌ಡೇಟ್ ಬೇಕಂತೆ. ಆ ನೆವದಲ್ಲಿ ಪ್ರತಿ ಭಾನುವಾರ ತಪ್ಪದೆ ಬಂದ. ಚಹಾ ಕೊಡುವಾಗ ಒಮ್ಮೆ ಬೆರಳಿಗೆ ಬೆರಳು ತಾಗಿತು. ಆಮೇಲೆ ತಾಗಿದ್ದೆಲ್ಲ ಬೇಕೆಂದೇ. ಮನೆಯವರ ಎದುರು 'ಮನೀಶಣ್ಣ' ಎನ್ನುತ್ತಿದ್ದವಳು ಗೇಟಿನ ಬಳಿ ಬರೀ 'ಮನೀಶ್' ಎನ್ನುತ್ತಿದ್ದಳು.

ಅಮ್ಮ ಗಂಡು ಹುಡುಕತೊಡಗಿದಾಗ ಅವಳೇ ಹೇಳಿದ್ದಳು, "ಆ ಸೈಟ್ ಬ್ಲಾಕ್ ಮಾಡು. ಅಷ್ಟರಲ್ಲಿ ಅಪ್ಪನ ಹತ್ತಿರ ಮಾತಾಡು."

"ಬೇರೆ ಹುಡುಗರೆಲ್ಲ ಜಾಹೀರಾತಾ?"

"ಮತ್ತೆಂತ? ನೋಡಲಿಕ್ಕೆ ಚಂದ, ನನಗೆ ಬೇಡ."

ಅವನು ನಕ್ಕಿದ್ದ. ಅವನ ಕಣ್ಣು ಅವಳ ಕಿವಿಯೋಲೆಯನ್ನು ಬಿಟ್ಟು ಕದಲಿರಲಿಲ್ಲ. ಬ್ಲಾಕ್ ಏನೋ ಮಾಡಿದ, ಮಾತು ಮಾತ್ರ ಆಡಲಿಲ್ಲ. ಕೆಲಸ ಪರ್ಮನೆಂಟ್ ಆಗಲಿ ಎಂದ. ಶುಭಕಾರ್ಯಕ್ಕಾಗದ ಆಟಿ ತಿಂಗಳು ಕಳೆಯಲಿ ಎಂದ. ಆಟಿ ಕಳೆದು ದೀಪಾವಳಿಯೂ ಆಯಿತು.

ಇವತ್ತು ದೂಮಪ್ಪ ಎದುರಿಗೇ ಕುಳಿತಿದ್ದ. "ನೀನು ನಮ್ಮ ಮನೆಯವನ ಹಾಗೆ. ಸರಿ ಮಾಡಿಕೊಡು," ಎಂದ.

ಹೇಳು, ಈಗಲಾದರೂ ಹೇಳು! ಧೃತಿಯ ಜೀವವೆಲ್ಲ ಕಣ್ಣಿಗೆ ಬಂತು. ಮನೀಶ ಅವಳನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಲ್ಯಾಪ್‌ಟಾಪ್ ತೆರೆದ.

"ಸಣ್ಣ ಮಿಸ್ಟೇಕ್ ಆಂಟಿ. ಈಗ ಬರುತ್ತದೆ."

ಬಂತು. ಕಾರ್ಕಳದವ, ಬೆಳ್ಮಣ್‌ನವ, ಮುಂಬೈಯವ, ಸಾಲು ಸಾಲು ಮುಖಗಳು.

"ಈ ಕಾರ್ಕಳದವ ಹೇಗೆ, ಧೃತೀ?"

ಅಳು ಬರಲಿಲ್ಲ, ಸಿಟ್ಟು ಬಂತು. "ಬರಲಿ ಅಮ್ಮ, ನೋಡುವ," ಎಂದಳು.

ಗೇಟಿನ ಬಳಿ ಅವನು ಪಿಸುಗುಟ್ಟಿದ. "ಅಪ್ಪನ ಎದುರು ಧೈರ್ಯ ಬರಲಿಲ್ಲ ಧೃತಿ. ಸ್ವಲ್ಪ ಟೈಮ್ ಕೊಡು. ಪುನಃ ಬ್ಲಾಕ್ ಮಾಡುತ್ತೇನೆ."

"ನಿನ್ನನ್ನು ಎಷ್ಟು ಪ್ರೀತಿಸಿದೆ ಗೊತ್ತುಂಟಾ?" ಅವಳು ಗೇಟಿಗೆ ಕೈಯಿಟ್ಟಳು. "ನೀನು ಒಂದೇ ಒಂದು ಮಾತು ಆಡಿದ್ದರೆ, ಅಪ್ಪ ಎಷ್ಟು ಬೈದರೂ ನಿನ್ನ ಪಕ್ಕ ಬಂದು ನಿಲ್ಲುತ್ತಿದ್ದೆ."

ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ಭಾನುವಾರ ಅಪ್‌ಡೇಟ್ ಉಂಟು. ಬರಲಾ?"

"ಬೇಡ. ನೋಡಿ ನೋಡಿ ಅಪ್‌ಡೇಟ್ ಮಾಡಲಿಕ್ಕೆ ನನಗೂ ಬರುತ್ತದೆ."

ಅವಳು ಗೇಟಿನ ಚಿಲಕ ಹಾಕಿದಳು.

"ಹುಷಾರಾಗಿ ಹೋಗಿ, ಮನೀಶಣ್ಣ."